ಶೈಲಾಕನ ಸಿಟ್ಟು: ಕೂಗಾಡಿಸದೆ ಕೇಳಿಸಿದ ಬಗೆ

ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ದ ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಬಡ್ಡಿ ವ್ಯವಹಾರದ ಯೆಹೂದಿ ಶೈಲಾಕ್ ಆಡುವ ಮಾತನ್ನು ಕೂಗಾಡದೆ ಆಡಿಸುತ್ತೇನೆಂದಾಗ ನಮ್ಮ ತಂಡದ ಹಿರಿಯರು ಯಾರೂ ಒಪ್ಪಲಿಲ್ಲ. ಯೆಹೂದಿಗೆ ಕಣ್ಣಿಲ್ಲವೇ, ಕೈಯಿಲ್ಲವೇ ಎಂಬ ಆ ಮಾತು ಆರ್ಭಟಿಸಿ ಚಪ್ಪಾಳೆ ಗಿಟ್ಟಿಸುವಂಥದ್ದು, ದನಿ ಇಳಿಸಿದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ ಎಂಬುದು ಅವರ ವಾದವಾಗಿತ್ತು. ಈಚಿನ ಪ್ರದರ್ಶನದಲ್ಲಿ ಯಾರೂ ಏಳಲಿಲ್ಲವಾದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಹಿರಿಯರ ಮಾತಿಗೆ ಮನ್ನಣೆ ಕೊಟ್ಟು ಮೊದಲು ಆರ್ಭಟದಲ್ಲೇ ತಾಲೀಮು ನಡೆಸಿದೆವು. ಎರಡನೆಯ ಪ್ರಶ್ನೆಗೇ ನಟನ ದನಿ ತಾರಕಕ್ಕೇರಿ, ಉಳಿದ ಹತ್ತಾರು ಪ್ರಶ್ನೆಗಳಿಗೆ ಏರಲು ಜಾಗವೇ ಉಳಿಯುತ್ತಿರಲಿಲ್ಲ. ಆಮೇಲೆ ಕರುಣೆಯ ದಾರಿ ಹಿಡಿದು ಹಿನ್ನೆಲೆಗೆ ಪಿಟೀಲು ಸೇರಿಸಿದಾಗ ನೋಡಿದವರ ಕಣ್ಣೇನೋ ತೇವವಾಯಿತು, ಆದರೆ ಸಿಟ್ಟು ಪೂರ್ತಿ ಕರಗಿಹೋಯಿತು. 1516ರಲ್ಲಿ ವೆನಿಸ್ ಸರ್ಕಾರ ಯೆಹೂದಿಗಳನ್ನು ಒಂದು ಕೇರಿಗೆ ಸೀಮಿತಗೊಳಿಸಿ, ರಾತ್ರಿ ಬಾಗಿಲು ಹಾಕಿಸುತ್ತಿದ್ದುದನ್ನು ತೋರಿಸಲೆಂದು ಮರದ ದೊಡ್ಡ ಹೆಬ್ಬಾಗಿಲನ್ನೂ ಮಾಡಿಸಿದೆ. ಸುಮಾರು 18 ಸಾವಿರ ರೂಪಾಯಿ ನುಂಗಿದ ಅದು ಈಗ ನಮ್ಮ ಸಾಮಾನಿನ ಕೋಣೆಯಲ್ಲಿ ಧೂಳು ತಿನ್ನುತ್ತಿದೆ.

ಕೈಹಿಡಿದದ್ದು ಮೂಲದ ಗದ್ಯವೇ. ಈ ಮಾತು ಪದ್ಯದಲ್ಲಿಲ್ಲ, ಹಾಗಾಗಿ ರಾಗ ಎಳೆಯುವ ಅಗತ್ಯವೂ ಇಲ್ಲ. ಸಾಲ ತೀರದಿದ್ದರೆ ತನ್ನ ಮೈಯ ಒಂದು ಪೌಂಡ್ ಮಾಂಸ ಕೊಡುವೆನೆಂದು ಶೈಲಾಕನಿಗೆ ಕರಾರು ಬರೆದುಕೊಟ್ಟವನು ವರ್ತಕ ಅಂಟೋನಿಯೊ. ಅವನ ಮಾಂಸ ನಿನಗೇಕೆ ಎಂದು ಲೇವಡಿ ಮಾಡಿದ ಅವನ ಗೆಳೆಯರಿಬ್ಬರಿಗೆ ಶೈಲಾಕ್ ‘ಮೀನಿಗೆ ಗಾಳ ಹಾಕಲು’ ಎನ್ನುವುದನ್ನು ಸಪ್ಪೆಯಾಗಿ ಹೇಳಿಸಿದೆ. ಅಂಟೋನಿಯೊ ನನ್ನನ್ನು ಅವಮಾನಿಸಿದ, ಐದು ಲಕ್ಷದ ಲಾಭ ತಪ್ಪಿಸಿದ, ನಷ್ಟವಾದಾಗ ನಕ್ಕ, ನನ್ನ ಜನಾಂಗವನ್ನು ಹೀಯಾಳಿಸಿದ ಎಂಬ ಪಟ್ಟಿಯನ್ನು ಬಡ್ಡಿ ವ್ಯವಹಾರದವನು ಖಾತೆ ಪುಸ್ತಕ ಓದುವ ಹಾಗೆಯೇ ಓದಿಸಿದೆ. ಇಷ್ಟಕ್ಕೆಲ್ಲ ಕಾರಣವೇನು ಎಂದು ತಾನೇ ಕೇಳಿಕೊಂಡು, ತಾನು ಯೆಹೂದಿ ಎಂದು ಹೇಳುವಾಗ ದನಿ ಎಲ್ಲಕ್ಕಿಂತ ಕೆಳಗಿರಬೇಕು. ಅಲ್ಲಿಂದ ಮುಂದಿನ ಪ್ರಶ್ನೆಗೆ ಎಷ್ಟು ಉಸಿರಿನ ಅಂತರ ಕೊಟ್ಟೆವೆಂಬುದನ್ನು ಮಾತ್ರ ನಾನಿಲ್ಲಿ ಹೇಳುವುದಿಲ್ಲ.

ಪ್ರಶ್ನೆಗಳನ್ನು ಪ್ರೇಕ್ಷಕರತ್ತ ಎಸೆಯದೆ, ಲೇವಡಿ ಮಾಡಿದ ಇಬ್ಬರಲ್ಲಿ ಒಬ್ಬನನ್ನೇ ನೋಡಿ ಕೇಳಿಸಿ, ಪ್ರತಿಯೊಂದಕ್ಕೂ ಉತ್ತರ ಬರಬಹುದೆಂಬಂತೆ ಕಾಯಿಸಿದೆ. ಕಚಗುಳಿ ಇಟ್ಟರೆ ನಾವು ನಗುವುದಿಲ್ಲವೇ ಎಂದಾಗ ಆ ಪಾತ್ರಧಾರಿ ಅಭ್ಯಾಸಬಲದಿಂದ ನಕ್ಕುಬಿಡುತ್ತಾನೆ. ಶೈಲಾಕ್ ಆ ನಗು ತಾನಾಗಿ ನಿಲ್ಲುವವರೆಗೆ ಸುಮ್ಮನಿದ್ದು, ಆಮೇಲೆ ವಿಷವಿಕ್ಕಿದರೆ ನಾವು ಸಾಯುವುದಿಲ್ಲವೇ ಎಂದು ಕೇಳುತ್ತಾನೆ. ಪ್ರೇಕ್ಷಾಗೃಹದಲ್ಲಿ ಕೆಮ್ಮು ಸಹ ನಿಂತದ್ದು ಅಲ್ಲಿ, ಮತ್ತು ಇದು ನನ್ನದೇ ಕಲ್ಪನೆಯೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸೇಡಿನ ಸಾಲುಗಳನ್ನು ಕತ್ತರಿಸಿ ಇದನ್ನು ಮಾನವೀಯತೆಯ ಭಾಷಣವಾಗಿಸುವ ರೂಢಿ ಹಲವರಲ್ಲಿದೆ. ನಾನದನ್ನು ಒಪ್ಪುವುದಿಲ್ಲ. ಸೇಡನ್ನು ಕ್ರೈಸ್ತರಿಂದಲೇ ಕಲಿತೆನೆಂದು ಶೈಲಾಕ್ ಹೇಳುತ್ತಾನೆ, ಪೂರ್ವಗ್ರಹ ಅವನನ್ನು ಏನು ಮಾಡಿತೆಂಬುದು ಅಲ್ಲಿಯೇ ಇದೆ. ಇಂಗ್ಲೆಂಡ್ 1290ರಲ್ಲೇ ಯೆಹೂದಿಗಳನ್ನು ಹೊರಹಾಕಿತ್ತಾದ್ದರಿಂದ, 1590ರ ದಶಕದ ಮೊದಲ ಪ್ರೇಕ್ಷಕರಲ್ಲಿ ಹೆಚ್ಚಿನವರು ಅವರನ್ನು ಕಥೆಗಳಲ್ಲಷ್ಟೇ ಬಲ್ಲವರಾಗಿದ್ದರು. ನಾತ್ಸಿಗಳ ಆಳ್ವಿಕೆಯ ವಿಯೆನ್ನಾದಲ್ಲಿ 1943ರಲ್ಲಿ ಇದೇ ನಾಟಕವನ್ನು ಯೆಹೂದಿದ್ವೇಷಕ್ಕೆ ಬಳಸಿಕೊಂಡರು. ಹೀಗಿರುವಾಗ ಪಾತ್ರವನ್ನು ಸಾಧುವಾಗಿಸಿ ಪಾರಾಗುವುದು ಸುಲಭವಾದರೂ ಸಿಟ್ಟಿನ ಹಲ್ಲು ಕಿತ್ತಂತಾಗುತ್ತದೆ.

ತಗ್ಗಿದ ದನಿಗೆ ಕಾಲರ್ ಮೈಕ್ ಬೇಕೇ ಬೇಕು, ಬಾಡಿಗೆ 2,500 ಚಿಲ್ಲರೆಯಾಯಿತು. ಒಟ್ಟು ಖರ್ಚು 70 ಸಾವಿರದ ಆಸುಪಾಸು, ಟಿಕೆಟಿನಿಂದ ಬಂದದ್ದು ಅದರ ಮುಕ್ಕಾಲು ಪಾಲು. ಮಾತು ಮುಗಿದೊಡನೆ ಬೆಳಕು ಆರಿಸಬೇಡಿ. ಅಂಟೋನಿಯೊನ ಸೇವಕ ಬರಲಿ, ಹಿಂದೆಯೇ ಶೈಲಾಕನ ಯೆಹೂದಿ ಗೆಳೆಯ ಟ್ಯೂಬಲ್ ಬರಲಿ, ಶೈಲಾಕನ ಓಡಿಹೋದ ಮಗಳ ಸುದ್ದಿ ಅದೇ ಕಾವಿನಲ್ಲಿ ಶುರುವಾಗಲಿ. ಆಗ ನಡುವೆ ಚಪ್ಪಾಳೆ ಬೀಳುವುದಿಲ್ಲ, ನಟನಿಗೆ ಬೇಸರವಾಗುತ್ತದೆ, ಅವನನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಬೇಕು.