‘ಮೂರು ದಿನದಿಂದ’ ಅನ್ನುವಾಗ ಸಿನ್ಸ್ ಬೇಕೋ, ಫಾರ್ ಬೇಕೋ?

ರಜೆ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲು: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್.’ ಇದರಲ್ಲಿ ಎರಡು ತಪ್ಪಿವೆ. ಎರಡೂ ಕನ್ನಡದ ರೂಢಿಯಿಂದಲೇ ಬಂದವು.

ನಾವು ‘ಸೋಮವಾರದಿಂದ ಜ್ವರ’ ಅಂತಲೂ ಅನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಅವಧಿಗೆ ಫಾರ್.

ಬರೆಯುವ ಮೊದಲು ‘ಇಂದ’ ತೆಗೆದು ಉಳಿದದ್ದನ್ನು ನೋಡಿ. ‘ಯಾವಾಗ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್: ಸೋಮವಾರ, 2019, ಚಿಕ್ಕಂದು. ‘ಎಷ್ಟು ಕಾಲ?’ ಎಂಬುದಕ್ಕೆ ಉತ್ತರವಾದರೆ ಫಾರ್: ಮೂರು ದಿನ, ಆರು ತಿಂಗಳು, ಬಹಳ ಹೊತ್ತು. ‘ಐದು ದಿನದಿಂದ’ ಅಂದರೆ ಫಾರ್ ಫೈವ್ ಡೇಸ್. ಅದೇ ‘ಐದನೇ ತಾರೀಖಿನಿಂದ’ ಅಂದರೆ ಸಿನ್ಸ್ ದ ಫಿಫ್ತ್. ಒಂದು ‘ನೇ’ ಬಂದದ್ದಕ್ಕೇ ಪದ ಬದಲಾಯಿತು.

ಜಾಣರೂ ಎಡವುವುದು ಗಂಟೆಯಲ್ಲಿ. ‘ಮೂರು ಗಂಟೆಯಿಂದ ಕಾಯ್ತಾ ಇದ್ದೀನಿ.’ ಮೂರಕ್ಕೆ ಬಂದು ನಿಂತದ್ದೋ, ಮೂರು ತಾಸು ಕಳೆದದ್ದೋ? ಕನ್ನಡದಲ್ಲಿ ಸಂದರ್ಭ ನೋಡಿಯೇ ತಿಳಿಯಬೇಕು. ಇಂಗ್ಲಿಷಿನಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಬೇಕು: ಸಿನ್ಸ್ ತ್ರೀ ಓ ಕ್ಲಾಕ್, ಇಲ್ಲವೇ ಫಾರ್ ತ್ರೀ ಅವರ್ಸ್.

ಎರಡನೆಯ ತಪ್ಪು ಕ್ರಿಯಾಪದದ್ದು, ಇದೇ ಹೆಚ್ಚು ತೊಂದರೆ ಕೊಡುವುದು. ‘ಎರಡು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ’ ಎಂಬಲ್ಲಿ ‘ಇದ್ದೀನಿ’ ವರ್ತಮಾನ, ಹಾಗಾಗಿ ಕೈ ತಾನಾಗಿ ‘ಐ ಆ್ಯಮ್ ವರ್ಕಿಂಗ್’ ಎಂದು ಬರೆಯುತ್ತದೆ. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ ಬೇಕಾದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್’. ಸಿನ್ಸ್ ತೆಗೆದು ಫಾರ್ ಹಾಕಿ, ‘ಆ್ಯಮ್ ವರ್ಕಿಂಗ್’ ಹಾಗೇ ಬಿಟ್ಟರೆ, ಒಟ್ಟು ಎರಡೇ ವರ್ಷದ ಕೆಲಸಕ್ಕೆ ಬಂದಿದ್ದೀರಿ ಎಂಬ ಅರ್ಥವೂ ಬರಬಹುದು. ಸಂದರ್ಶನದಲ್ಲಿ ಅದು ಬೇಡ.

ಮುಗಿದುಹೋದ ಅವಧಿಗೆ ಫಾರ್ ಮಾತ್ರ: ‘ಐ ಲಿವ್ಡ್ ಇನ್ ಮೈಸೂರು ಫಾರ್ ಫೋರ್ ಇಯರ್ಸ್.’ ಒಂಬತ್ತರಿಂದ ಐದರವರೆಗೆ ಎನ್ನುವಾಗ ಎರಡೂ ಬೇಡ, ಫ್ರಮ್ ಸಾಕು.

ಇನ್ನು ಆ ಅರ್ಜಿ. ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್’ ಸರಿಯಾದ ಸಾಲೇ. ಆದರೆ ಸಾಹೇಬರು ಅದನ್ನು ನಾಡಿದ್ದು ಓದಿದರೆ ಮೂರು ದಿನ ಐದಾಗಿರುತ್ತದೆ. ‘ಸಿನ್ಸ್ ಮಂಡೇ’ ಎಂದು ಬರೆದರೆ ಆ ವಾರ ಯಾವತ್ತು ಓದಿದರೂ ಲೆಕ್ಕ ತಪ್ಪುವುದಿಲ್ಲ.