ಏಣಿ ಹೊರಬೇಕೋ ಬೇಡವೋ, ಲೈಟ್ ಹೇಳುತ್ತದೆ

ತೀರ್ಥಹಳ್ಳಿ ಸುತ್ತಮುತ್ತ ಫೈಬರ್ ಲೈನ್ ನೋಡಿಕೊಳ್ಳುವುದು ನನ್ನ ಕೆಲಸ. ಜೋರು ಮಳೆ ಹಿಡಿದರೆ ಎಲ್ಲರ ಫೋನೂ ಒಂದೇ: "ನೆಟ್ ಇಲ್ಲ ಮಾರಾಯ್ರೇ." ನಾನು ಕೇಳುವುದೂ ಒಂದೇ: "ಫೈಬರ್ ಬಂದು ಸೇರುವ ಡಬ್ಬದಲ್ಲಿ ಲಾಸ್ (LOS) ಅಂತ ಬರೆದಲ್ಲಿ ಕೆಂಪು ಮಿಣುಕುತ್ತಿದೆಯಾ?"

ಹೌದು ಅಂದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಇಲ್ಲವೇ ಬಂದದ್ದು ಸಾಲುತ್ತಿಲ್ಲ. ಬೆಳಕಿನ ಬಲ ಅಳೆಯುವ ನನ್ನ ಮೀಟರಿನಲ್ಲಿ ಮೈನಸ್ 20 ಡಿಬಿಎಂ ಆಸುಪಾಸು ಬಂದರೆ ನೆಮ್ಮದಿ. ಮೈನಸ್ 27ಕ್ಕಿಂತ ಕೆಳಗಿಳಿದರೆ ಲೈನ್ ನೆಚ್ಚುವಂತಿಲ್ಲ. ತೋಟದಲ್ಲಿ ಅಡಿಕೆ ಮರ ಬಿದ್ದಿರಬಹುದು, ಮಂಗ ಎಳೆದಿರಬಹುದು. ಅದಕ್ಕೆ ನಾನೇ ಬರಬೇಕು. ಆದರೆ ಮೊದಲು ಕಪಾಟಿನ ಹಿಂದೆ ಇಣುಕಿ ನೋಡಿ. ಒಳಗಿರುವುದು ಗಾಜಿನ ಎಳೆ, ಕೈಬಳೆಗಿಂತ ಸಣ್ಣ ಸುತ್ತಿಗೆ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. ಕಿತ್ತ ತುದಿಗೆ ಮಾತ್ರ ಕಣ್ಣಿಡಬೇಡಿ. 1490 ನ್ಯಾನೋಮೀಟರಿನ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ.

ಲಾಸ್ ಆರಿದ್ದು, ಫೈಬರ್ ಸಂಪರ್ಕ ತೋರಿಸುವ ಪಾನ್ (PON) ಲೈಟ್ ಮಿಣುಕುತ್ತಲೇ ಇದ್ದರೆ ಸಾಮಾನ್ಯವಾಗಿ ಬೆಳಕು ತಲುಪಿದೆ, ಆಫೀಸಿನ ಯಂತ್ರದಲ್ಲಿ ಡಬ್ಬದ ನೋಂದಣಿ ಆಗಿಲ್ಲ. ಅದು ಹೆಚ್ಚಾಗಿ ಆಫೀಸಿನ ಕಡೆಯ ಕೆಲಸ, ಏಣಿ ಬೇಡ. ಈ ಹೊತ್ತಿಗೆ ಪಿನ್ ಹಾಕಿ ರೀಸೆಟ್ ಒತ್ತುವ ಪುಣ್ಯಾತ್ಮರಿದ್ದಾರೆ. ಸೆಟ್ಟಿಂಗ್ ಅಳಿಸಿಹೋಗಿ ನನಗೆ ಎರಡು ಕೆಲಸ.

ಸಿಡಿಲಿನ ಮರುದಿನದ್ದು ಬೇರೆ ಕತೆ. ಪಾನ್ ಹಸಿರಾಗಿ ನಿಂತಿದೆ, ಕಂಪ್ಯೂಟರಿಗೆ ಕೇಬಲ್ ಹೋಗುವ ಲ್ಯಾನ್ ಪೋರ್ಟುಗಳಲ್ಲಿ ಒಂದರ ಲೈಟ್ ಮಾತ್ರ ಸತ್ತಿದೆ. ಅದೇ ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿ. ಅಲ್ಲಿ ಲೈಟ್ ಬಂದರೆ ಮೊದಲಿನ ಪೋರ್ಟ್ ಸುಟ್ಟಿದೆ ಎಂದೇ ಇಟ್ಟುಕೊಳ್ಳಿ.

ಸೊಸೈಟಿ, ಬ್ಯಾಂಕುಗಳ ರ‍್ಯಾಕಿನಲ್ಲಿ ಕೂತ ದೊಡ್ಡ ರೌಟರಿಗೆ ಬಿಡಿಬಿಡಿಯಾಗಿ ಕೂರಿಸುವ ಕಾರ್ಡುಗಳಿರುತ್ತವೆ, ಕಾರ್ಡಿನಲ್ಲಿ ಪೋರ್ಟುಗಳು. ಮೊದಲು ಕಾರ್ಡಿನ ಲೈಟ್ ನೋಡಿ, ಆಮೇಲೆ ಪೋರ್ಟಿನದು. ಕಾರ್ಡಿನದೇ ಆರಿದ್ದರೆ ಕೇಬಲ್ ಎಳೆದಾಡಿ ಪ್ರಯೋಜನವಿಲ್ಲ. ಕಾರ್ಡ್ ಸರಿಯಾಗಿ ಕೂತಿರಲಿಕ್ಕಿಲ್ಲ, ಇಲ್ಲವೇ ರೌಟರ್ ಅದನ್ನು ಗುರುತಿಸಿರಲಿಕ್ಕಿಲ್ಲ. ಹಾಗಂತ ಕರೆಂಟ್ ಇರುವಾಗಲೇ ಕೀಳಬೇಡಿ. ಚಾಲೂ ಇದ್ದಂತೆಯೇ ತೆಗೆದು ಹಾಕಬಹುದಾದ ಕಾರ್ಡುಗಳಿವೆ, ಎಲ್ಲವೂ ಹಾಗಲ್ಲ.

ಪೋರ್ಟಿನ ಲಿಂಕ್ ಲೈಟ್ ಉರಿದರೆ ಕೇಬಲಿನ ಎರಡೂ ತುದಿಯ ಯಂತ್ರಗಳು ಒಂದನ್ನೊಂದು ಕಂಡುಕೊಂಡಿವೆ, ಅಷ್ಟೇ. ಇಂಟರ್ನೆಟ್ ಇದೆ ಎಂದಲ್ಲ. ಮಿಣುಕುವುದು ಡೇಟಾ ಓಡಾಟದ ಗುರುತು. ಒಳ್ಳೆಯ ಕೇಬಲ್ ಹಾಕಿದರೂ ಲಿಂಕ್ ಬರದಿದ್ದರೆ ಪೋರ್ಟ್ ಕೆಟ್ಟಿದೆ ಎನ್ನಲು ಆತುರ ಬೇಡ. ಸೆಟ್ಟಿಂಗಿನಲ್ಲಿ ಯಾರೋ ಬಂದ್ ಮಾಡಿಟ್ಟಿರಬಹುದು.

ನೆಟ್ ಇದೆ, ಆದರೆ ನಿಧಾನ ಅನ್ನುವವರು ವೇಗದ ಲೈಟಿನ ಬಣ್ಣ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಕೇಬಲಿನ 8 ಎಳೆಗಳೂ ಬೇಕು, 100 ಎಂಬಿಪಿಎಸ್‌ಗೆ 4 ಸಾಕು. ನಮ್ಮ ತೇವಕ್ಕೆ ಒಂದು ಪಿನ್ ಕಿಲುಬು ಹಿಡಿದರೂ ಸಾಕು, ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಯಾವ ಬಣ್ಣಕ್ಕೆ ಯಾವ ವೇಗ ಎಂಬುದು ಕಂಪನಿಗೊಂದು ರೀತಿ, ಮ್ಯಾನುಯಲ್ ನೋಡಿಯೇ ಹೇಳಬೇಕು.

ವಾಟ್ಸಾಪಿಗೆ ಫೋಟೋ ಬದಲು ಹತ್ತು ಸೆಕೆಂಡಿನ ವಿಡಿಯೋ ಕಳಿಸಿ. ಮಿಣುಕುತ್ತಿದೆಯೋ, ನಿಂತೇ ಇದೆಯೋ ಫೋಟೋದಲ್ಲಿ ತಿಳಿಯುವುದಿಲ್ಲ.