ಮಾತಾಡದ ಹುಡುಗಿಗೆ ಓದಿದ ನಗೆಪುಸ್ತಕ

ಎರಡನೇ ತರಗತಿಯ ಆ ಹುಡುಗಿ ಆರು ತಿಂಗಳಾದರೂ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಒಮ್ಮೆ ಎಲ್ಲರೆದುರು ನಿಲ್ಲಿಸಿ "ಹೇಳು ಪುಟ್ಟಾ, ಹೇಳು" ಅಂತ ಒತ್ತಾಯ ಮಾಡಿದೆ. ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳತುದಿ ಬೆಳ್ಳಗಾಗಿತ್ತು. ಆ ಬೆರಳು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರಮ್ಮ ಸಿಕ್ಕಾಗ, "ಮನೇಲಿ ಬಾಯಿಗೆ ಬಿಡುವೇ ಇಲ್ಲ ಮಿಸ್, ವಟವಟ ಅಂತಿರ್ತಾಳೆ" ಅಂದರು.

ಆಗ ನೆನಪಾಗಿದ್ದು ಲೆನೋರ್ ಲುಕ್ ಬರೆದ ‘ಅಲ್ವಿನ್ ಹೋ’. 2008ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. ಅಲ್ವಿನ್ ಅಮೆರಿಕದ ಕಾಂಕರ್ಡ್ ಊರಿನವನು, ಅವನೂ ಎರಡನೇ ತರಗತಿ. ಮನೆಯಲ್ಲಿ ‘ಫೈರ್‌ಕ್ರ್ಯಾಕರ್ ಮ್ಯಾನ್’ ಎಂಬ ಸೂಪರ್‌ಹೀರೋ ಆಗಿ ಗಲಾಟೆ ಎಬ್ಬಿಸುತ್ತಾನೆ. ಶಾಲೆಗೆ ಬಂದರೆ ಗಂಟಲಿಂದ ಸದ್ದೇ ಹೊರಡದು. ಇದು ಹಟವಲ್ಲ, ಭಯ. ವೈದ್ಯರು ಇದನ್ನು ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಅದು ಎಷ್ಟೋ ಮಕ್ಕಳಿಗೆ ಸಹಜ. ಇವಳದ್ದು ಆರು ತಿಂಗಳು ದಾಟಿದ್ದರಿಂದ ಮಕ್ಕಳ ವೈದ್ಯರಿಗೂ ತೋರಿಸಿ ಅಂತ ಅವರಮ್ಮನಿಗೆ ಹೇಳಿದೆ.

ದಿನಾ ಕೊನೆಯ ಹದಿನೈದು ನಿಮಿಷ ಆ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳನ್ನು ನಡುವೆ ಕೂರಿಸಿದೆ, ಆದರೆ ಅವಳ ಕಡೆ ಜಾಸ್ತಿ ನೋಡಲಿಲ್ಲ. ಓದಿದ ಮೇಲೆ ಪ್ರಶ್ನೆ ಕೇಳಲಿಲ್ಲ. ಮಕ್ಕಳು ನಗಬೇಕಾದ್ದು ಅಲ್ವಿನ್‌ನ ಉಪಾಯಗಳಿಗೆ, ಮಾತಾಡದ ಮಗುವಿಗಲ್ಲ. ಯಾರಾದರೂ ಅವಳತ್ತ ತಿರುಗಿದರೆ ತಕ್ಷಣ ಪುಟ ಮಗುಚುತ್ತಿದ್ದೆ.

ಅಲ್ವಿನ್ ಹತ್ತಿರ ಆಪತ್ತಿಗೆ ಅಂತಲೇ ಒಂದು ಡಬ್ಬಿ ಇರುತ್ತದೆ. ಕಿರುಚಲು ಆಗದಿದ್ದರೆ ಊದೋಕೆ ಸೀಟಿ. ರಕ್ತ ಹೀರುವ ಭೂತ ಬಂದರೆ ಬೆಳ್ಳುಳ್ಳಿ! ಈ ಜಾಗಕ್ಕೆ ಬಂದಾಗ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಸದ್ದು ಬರುವಂತೆ. ಶಾಲೆಯಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಮರುದಿನ ಎಲ್ಲರಿಗೂ ಖಾಲಿ ಬೆಂಕಿಪೊಟ್ಟಣ ತರಲು ಹೇಳಿ, ನಿಮ್ಮ ನಿಮ್ಮ ಡಬ್ಬಿ ಮಾಡಿಕೊಳ್ಳಿ ಅಂದೆ. ಒಬ್ಬ ಗರಿ ತಂದ, ಇನ್ನೊಬ್ಬ ದೇವರ ಕುಂಕುಮ. ಇವಳ ಪೊಟ್ಟಣದಲ್ಲಿ ಒಂದು ಎಸಳು ಬೆಳ್ಳುಳ್ಳಿ, ಅಮ್ಮನ ಪಿನ್ನು, ಮಡಚಿದ ಬಸ್ ಟಿಕೆಟ್.

ನಾನು ಬೋರ್ಡ್ ಮೇಲೆ ಬರೆಯುತ್ತಿದ್ದೆ. ಹಿಂದಿನಿಂದ ಪಿಸುದನಿ ಕೇಳಿತು. ಪಕ್ಕದವಳಿಗೆ ಹೇಳುತ್ತಿದ್ದಳು: "ಇದು ಬೆಳ್ಳುಳ್ಳಿ. ಮುಟ್ಟಬೇಡ, ವಾಸನೆ ಬರುತ್ತೆ."

ತಿರುಗಲಿಲ್ಲ. ಹೊಗಳಲೂ ಇಲ್ಲ. ಎಲ್ಲರ ಕಣ್ಣು ಅವಳ ಮೇಲೆ ಬಿದ್ದರೆ ಆ ದನಿ ಮತ್ತೆ ಒಳಗೆ ಸೇರಿಕೊಳ್ಳುತ್ತಿತ್ತು. ಬರೆದದ್ದನ್ನೇ ಸುಮ್ನೆ ತಿದ್ದುತ್ತಾ ನಿಂತೆ.

ಈಗ ಗೆಳತಿಯ ಜೊತೆ ಮಾತಾಡುತ್ತಾಳೆ. ಹಾಜರಿಗೆ ಇನ್ನೂ ಕೈಯನ್ನೇ ಎತ್ತುತ್ತಾಳೆ. ನಾನೂ ಕೈ ನೋಡಿಯೇ ಗುರುತು ಹಾಕಿಕೊಳ್ಳುತ್ತೇನೆ.